ತಮ್ಮನ ಮಣಿಕಟ್ಟು

ಅಣ್ಣ ತಮ್ಮ ಇಬ್ಬರಿಗೂ ನೀರಿಗಿಳಿದು ಹಡಗಿನ ತಳ ಕೆರೆಯುವ ಕೆಲಸ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸುವ ಹೊಸ ಗೇಜನ್ನು ತಮ್ಮ ಗಡಿಯಾರದ ಹಾಗೆ ಮಣಿಕಟ್ಟಿಗೇ ಕಟ್ಟಿಕೊಂಡು ಬಂದ. ಅಣ್ಣನ ಹೊಟ್ಟೆ ಧಗಧಗ ಉರಿಯಿತು. ಅವನದು ಕೊಳವೆಯ ತುದಿಯಲ್ಲಿ ನೇತಾಡುವ ಹಳೇ ಡಬ್ಬ.

"ನಿನ್ನ ಕೈಗೆ ಅದೊಂದು ಕೇಡು! ಹಡಗಿಗೆ ತಾಗಿ ಚೂರುಚೂರಾಗುತ್ತೆ, ನೋಡ್ತಿರು," ಎಂದು ಮೂತಿ ತಿರುವಿದ.

ನೀರೊಳಗೂ ಅದು ಒಡೆಯುವುದನ್ನೇ ಕಾಯುತ್ತ, ತಮ್ಮನ ಮಣಿಕಟ್ಟಿನಿಂದ ಕಣ್ಣು ಕೀಳಲಿಲ್ಲ. ತಮ್ಮ ಇದ್ದಕ್ಕಿದ್ದಂತೆ ಹತ್ತಿರ ಬಂದು, ಅಣ್ಣನ ಗೇಜನ್ನು ಎಳೆದು ಅವನ ಮುಖಕ್ಕೇ ಹಿಡಿದ. ಮುಳ್ಳು ಕೆಂಪಿಗಿಳಿದಿತ್ತು, ಗಾಳಿ ಮುಗಿಯುತ್ತ ಬಂದಿತ್ತು. ಇಬ್ಬರೂ ಮೇಲೆ ಬಂದರು.

"ನನ್ನ ಗೇಜು ನೀನ್ಯಾಕೋ ನೋಡ್ತಿದ್ದೆ?" ಅಣ್ಣ ಸಿಡುಕಿದ.

"ನೀನು ಇಡೀ ಹೊತ್ತು ನಂದೇ ನೋಡ್ತಿದ್ದೆಯಲ್ಲಣ್ಣ. ನಿಂದನ್ನ ಯಾರಾದ್ರೂ ನೋಡಬೇಕಲ್ವಾ?"