ಮೂರು ಬಡಿತ

ಪರದೆಯ ಮೇಲೆ ದೆವ್ವ ಸೊಸೆಯ ಕುತ್ತಿಗೆಗೆ ಕೈ ಹಾಕಿತು. ಮುಂದಿನ ಸಾಲಿನ ಹುಡುಗಿಯರು ಕಿಟಾರನೆ ಕಿರುಚಿಕೊಂಡರು. ಅಕ್ಕ ಮಾತ್ರ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ತಂಗಿಗೆ ನಗುವೂ ಬಂತು, ಸಿಟ್ಟೂ ಬಂತು. ಈ ಮಧ್ಯಾಹ್ನದ ಆಟಕ್ಕೆ ಅಕ್ಕನನ್ನು ಹೊರಡಿಸಬೇಕಾದರೆ ಅವಳಿಗೆ ಸಾಕುಸಾಕಾಗಿತ್ತು.

ಈ ಸಿನಿಮಾಕ್ಕೆ ಆಧಾರವಾದ ಕಾದಂಬರಿ ಎಲ್ಲರಿಗೂ ಗೊತ್ತಿದ್ದದ್ದೇ. ಓದದವರೂ ಓದಿದ್ದೇವೆಂದು ಹೇಳಿಕೊಳ್ಳುವಂಥದ್ದು. ಚಿಕ್ಕಂದಿನಲ್ಲಿ ಅಮ್ಮ ಇಬ್ಬರನ್ನೂ ಒಂದೇ ಹೊದಿಕೆಯೊಳಗೆ ಸೇರಿಸಿಕೊಂಡು ಅದನ್ನು ಓದಿ ಹೇಳುತ್ತಿದ್ದಳು. ದೆವ್ವ ಬಂದರೆ ತಂಗಿ ಅಕ್ಕನ ಬೆನ್ನ ಹಿಂದೆ. ಈಗ ಅಮ್ಮನಿಗೆ ಮಾತು ನಿಂತು, ಹಾಸಿಗೆ ಹಿಡಿದು ವರ್ಷಗಳಾಗಿವೆ. ಪಕ್ಕದ ಕೋಣೆಯಲ್ಲಿ ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಜನರ ಪ್ಯಾಂಟುಗಳ ಅಂಚು ಮಡಿಸಿ ಹೊಲಿಯುತ್ತಾಳೆ. ಅಮ್ಮ ಚಮಚದಿಂದ ಗೋಡೆ ಬಡಿದರೆ ಎದ್ದು ಹೋಗುತ್ತಾಳೆ.

ತಂಗಿ ಬಂದದ್ದು ಅಮ್ಮನನ್ನು ಕೆಲವು ತಿಂಗಳಾದರೂ ತನ್ನ ಮನೆಗೆ ಕರೆದೊಯ್ಯಲು. ನಾಳೆಗೆ ಬಾಡಿಗೆ ಗಾಡಿಯನ್ನೂ ಹೇಳಿಟ್ಟಿದ್ದಳು. ಅಕ್ಕ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಅವಳು ಬಡಿದಿದ್ದು ನಿಂಗೆ ಅರ್ಥ ಆಗಲ್ಲ, ಸುಮ್ನಿರು" ಎಂದಿದ್ದಳು. ಪಕ್ಕದ ಮನೆಯಾಕೆ ಬಂದು ಕೂತ ಮೇಲೂ ಬಾಗಿಲು ದಾಟಲು ಹಿಂದೆಮುಂದೆ ನೋಡಿದ್ದಳು.

ಕಾದಂಬರಿಯಲ್ಲಿ ದೆವ್ವ ಹಾಡುತ್ತದೆ. ಸಿನಿಮಾದವರಿಗೆ ಅದು ಸಪ್ಪೆ ಅನಿಸಿತೇನೋ, ಹಾಡು ತೆಗೆದು ಗೋಡೆ ಬಡಿಸಿದ್ದರು. ಸಂಗೀತ ನಿಂತಿತು. ಇಡೀ ಥಿಯೇಟರ್ ಉಸಿರು ಬಿಗಿಹಿಡಿಯಿತು.

ಟಕ್. ಟಕ್. ಟಕ್.

"ಇದ್ದೀನಮ್ಮಾ! ಇಲ್ಲೇ ಇದ್ದೀನಿ, ಬಂದೆ!"

ಅಕ್ಕ ಎದ್ದು ನಿಂತಿದ್ದಳು. ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕತ್ತಲಲ್ಲಿ ಯಾರ್ಯಾರದೋ ಕಾಲು ತುಳಿದುಕೊಂಡು ಹೊರಟೇಬಿಟ್ಟಳು. "ದೆವ್ವಕ್ಕೂ ಒಬ್ಬಳು ಮಗಳಿದ್ದಾಳಲ್ಲಪ್ಪೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ತಂಗಿ ಹಿಂದೆಯೇ ಓಡಿ ಅಕ್ಕನ ತೋಳು ಹಿಡಿದಳು. ಇಷ್ಟು ದಿನ ಇವಳು ಹೇಗೆ ನಿದ್ದೆ ಮಾಡಿದ್ದಳೋ ಎಂದುಕೊಂಡಳು.

ಇಬ್ಬರೂ ಹೊರಬಂದು ಥಿಯೇಟರಿನ ಮೆಟ್ಟಿಲ ಮೇಲೆ ಕೂತರು. ಬಿಸಿಲು ಇನ್ನೂ ಇತ್ತು.

"ಮಾನ ಹೋಯ್ತು" ಎಂದಳು ಅಕ್ಕ.

"ಹೋದ್ರೆ ಹೋಗ್ಲಿ ಬಿಡು."

ಅಕ್ಕ ತಂಗಿಯ ಅಂಗೈ ಎಳೆದುಕೊಂಡು ಬೆರಳ ಗೆಣ್ಣಿನಿಂದ ಬಡಿದಳು. "ಒಂದ್ಸಲ ಬಡಿದ್ರೆ ನೀರು. ಎರಡಾದ್ರೆ ಮಗ್ಗುಲು ಬದಲಾಯಿಸ್ಬೇಕು."

"ಮೂರು?"

"ಮೂರಕ್ಕೆ ಏನೂ ಬೇಡ. ನಾನಿದ್ದೀನೋ ಇಲ್ವೋ ಅಂತ ಕೇಳ್ತಾಳೆ, ಅಷ್ಟೆ. ಹೋಗಿ, ಇದ್ದೀನಿ ಅನ್ಬೇಕು. ಜಾಸ್ತಿ ಅದೇ."

"ಬೇಜಾರಾಗಲ್ವಾ ಅಕ್ಕ?"

"ಆಗುತ್ತೆ ಕಣೇ. ಒಂದೊಂದ್ಸಲ ಆ ಚಮಚ ಕಿತ್ತು ಬಿಸಾಡ್ಬೇಕು ಅನ್ಸುತ್ತೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಗಾಡಿ ಎಷ್ಟೊತ್ತಿಗೆ ಬರುತ್ತೆ?"

ತಂಗಿ ಹೇಳಿದಳು. ಅಕ್ಕ ತಲೆಯಾಡಿಸಿದಳು.

ಮನೆಗೆ ಬಂದಾಗ ಪಕ್ಕದ ಮನೆಯಾಕೆ, "ಸಿನಿಮಾ ಹೆಂಗಿತ್ತು?" ಎಂದು ಕೇಳಿದಳು. "ನಿದ್ದೆ ಚೆನ್ನಾಗಿತ್ತು" ಎಂದಳು ಅಕ್ಕ. ಆಕೆ ನಗುತ್ತಾ ಹೊರಟುಹೋದಳು. ಅಕ್ಕ ಚಪ್ಪಲಿ ಬಿಚ್ಚಲು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು. ತಂಗಿ ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟಳು.

ಗೋಡೆಯಾಚೆಯಿಂದ ಚಮಚದ ಸದ್ದು ಬಂತು. ಒಂದು, ಎರಡು, ಮೂರು.

ತಂಗಿ ಒಲೆ ಆರಿಸಿ ಓಡಿಬಂದಳು. ಅಕ್ಕ ಗೋಡೆಗೆ ತಲೆ ಆನಿಸಿ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದಳು. ಒಂದು ಚಪ್ಪಲಿ ಕೈಯಲ್ಲಿತ್ತು, ಇನ್ನೊಂದು ಕಾಲಲ್ಲೇ ಇತ್ತು.

ಮತ್ತೆ ಮೂರು ಬಡಿತ. ಅಕ್ಕನ ರೆಪ್ಪೆ ಕೂಡ ಅಲುಗಲಿಲ್ಲ.

ತಂಗಿ ಅವಳನ್ನು ಎಬ್ಬಿಸದೆ ಮೆಲ್ಲಗೆ ಒಳಕೋಣೆಗೆ ಹೋದಳು.

"ಇದ್ದೀನಮ್ಮಾ" ಎಂದಳು.