ದೆವ್ವಕ್ಕೆ ಕೊಟ್ಟ ಮಾತು

ತೊಂಬತ್ತೆಂಟರಲ್ಲಿ ನಾನು ದಾವಣಗೆರೆಯಲ್ಲಿ ಮೊದಲ ವರ್ಷದ ಬಿ.ಎ. ಓದುತ್ತಿದ್ದ ಹುಡುಗಿ. ಧರ್ಮ, ಸಂಸ್ಕೃತಿ, ಕಥನ ಎಂಬ ವಿಷಯ ಕಲಿಸುತ್ತಿದ್ದ ಹಿದಾಯತ್ ಸರ್, ದೆವ್ವ ಇದೆಯೋ ಇಲ್ಲವೋ ಎಂದು ಜಗಳಕ್ಕೆ ನಿಂತವರನ್ನು ಕೂರಿಸಿಬಿಡುತ್ತಿದ್ದರು. "ಅದು ನಿಮ್ ಕೆಲ್ಸ ಅಲ್ರಿ. ಮೈಮ್ಯಾಲೆ ಬಂದಾಗ ಅದು ಯಾವ ಕಥಿ ಹೇಳ್ತೈತೆ, ಯಾರು ಕೇಳ್ತಾರೆ, ಅದನ್ನ ನೋಡ್ರಿ." ಯಾವುದಾದರೂ ಗುಡಿಗೋ ದರ್ಗಾಕ್ಕೋ ಹೋಗಿ ಅಂಥ ಒಂದು ಕಥೆ ಕೇಳಿಕೊಂಡು ಬರಲು ಹೇಳಿದರು.

ನನಗೆ ಹುಡುಕುವ ಕಷ್ಟವೇ ಇರಲಿಲ್ಲ. ಅಣ್ಣ ಬಕ್ಕೇಶನ ಹೆಂಡತಿ ಪೂಜಾ ಆಗ ನಾಲ್ಕು ತಿಂಗಳ ಬಸುರಿ. ಹಿಂದಿನ ವರ್ಷದ ಬಸಿರು ಐದನೇ ತಿಂಗಳಲ್ಲಿ ಬಿದ್ದುಹೋಗಿತ್ತು. ಈಗ ಮತ್ತೆ ಅತ್ತಿಗೆಗೆ ಊಟ ಸೇರದು, ನಿದ್ದೆ ಹತ್ತದು, ಕೇಳಿದ್ದಕ್ಕೆ ಉತ್ತರವಿಲ್ಲ. "ಗಾಳಿ ಸೋಕೈತೆ," ಎಂದಳು ಅವ್ವ. ಸೋಮವಾರ ಸ್ಕ್ಯಾನಿಂಗ್ ಇತ್ತು. ಅದಕ್ಕೆ ಮೊದಲು, ದೆವ್ವ ಬಿಡಿಸುವ ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೆ ಹೋಗಿಬರಬೇಕೆಂದು ಅವ್ವ ಹಟ ಹಿಡಿದಳು. ಒಂದು ಕಲ್ಲಿಗೆ ಎರಡು ಹಕ್ಕಿ ಎಂದು ನಾನೂ ಹೊರಟೆ.

ತುಂಬಿದ ಕೊಡ ತುಳುಕುವುದಿಲ್ಲವಂತೆ. ನಾನು ಅರ್ಧ ಕೊಡ. ಹರಿಹರದಲ್ಲಿ ಬಸ್ಸು ಬದಲಿಸಿದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ಅವ್ವ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು. ಕಡರನಾಯಕನಹಳ್ಳಿ ದಾಟುವಾಗ ಅತ್ತಿಗೆಯ ಕಿವಿಯಲ್ಲಿ ತಮಾಷೆಗೆ ಹೇಳಿದೆ: "ಸೊಸಿ ಮಾತು ಯಾರು ಕೇಳ್ತಾರೆ ಹೇಳು? ಅದನ್ನೇ ದೆವ್ವ ಹೇಳಿದ್ರೆ ಅತ್ತಿ ಕೈ ಮುಗ್ದು ಕೇಳ್ತಾಳೆ. ನಮ್ ಸರ್ ಪಾಠ ಇದು."

ಅತ್ತಿಗೆ ನಗಲಿಲ್ಲ. "ಕೇಳ್ತಾರಾ?" ಎಂದಳಷ್ಟೆ.

ಹೊಳೆಯಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ಅವಳು ಗುಡಿಯ ಅಂಗಳದಲ್ಲಿ ಕೂತಳು. ಸುತ್ತ ಕೂದಲು ಕೆದರಿಕೊಂಡು ತೂಗುವ ಹೆಂಗಸರು. ನೋಡನೋಡುತ್ತ ಅತ್ತಿಗೆಯೂ ತೂಗತೊಡಗಿದಳು. ವಿಭೂತಿ ಹಚ್ಚಿದ ಹಿರಿಯರೊಬ್ಬರು ಎಲ್ಲರನ್ನೂ ಕೇಳುವಂತೆಯೇ ಅವಳನ್ನೂ ಕೇಳಿದರು. "ಯಾರು ನೀನು? ಯಾವೂರು? ಯಾಕ ಹಿಡ್ದಿ?"

"ಊರಿಲ್ಲ, ಹೆಸರಿಲ್ಲ. ಹೆಸರಿಡಾಕ ಬಿಡ್ಲಿಲ್ಲ." ಅದು ಅತ್ತಿಗೆಯ ದನಿಯೇ ಅಲ್ಲ. ಕೈ ಎತ್ತಿ ನೇರ ಅವ್ವನನ್ನು ತೋರಿಸಿದಳು. "ಇವಳ ಮೊಮ್ಮಗಳು ನಾನು. ಮಿಷಿನ್ನಾಗ ನೋಡಿಸಿದ್ಲು. ಹೆಣ್ಣು ಅಂದ್ರು. ತೆಗೆಸಿಬಿಟ್ಲು. ನಮ್ಮಪ್ಪ ಹೊರಗ ಬಾಗಿಲು ಕಾದ. ಬಿದ್ದೋತು ಅಂತ ಓಣಿಗೆಲ್ಲ ಹೇಳಿದ್ರು."

ಸುಳ್ಳೆಂದು ಹೇಳವ್ವಾ ಎನ್ನಲು ತಿರುಗಿದೆ. ಅವ್ವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗೂ ಇರಲಿಲ್ಲ, ಬರೀ ಭಯವಿತ್ತು. ನಿಜವೆಂದು ಆಗ ಗೊತ್ತಾಯಿತು. ಪ್ರತಿ ಹಬ್ಬಕ್ಕೆ ನನ್ನ ತಲೆಗೆ ಎಣ್ಣೆ ಒತ್ತುವ ಕೈಗಳನ್ನು ಅವಳು ಸೊಸೆಯ ಮುಂದೆ ಜೋಡಿಸಿದಳು.

"ಬಿಟ್ಟು ಹೋಗಾಕ ಏನು ಬೇಕು?" ಎಂದರು ಹಿರಿಯರು.

"ಸೋಮವಾರ ಇವಳನ್ನ ಕರ್ಕೊಂಡು ಹೋಗಬಾರ್ದು. ಒಳಗಿರೋದು ಏನೇ ಇರ್ಲಿ, ಹುಟ್ಟಬೇಕು. ಅಜ್ಜಯ್ಯನ ಮುಂದೆ ಆಣೆ ಮಾಡ್ಲಿ."

ಅವ್ವ ಕುಸಿದು ಕೂತು, ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟಳು. "ಕರ್ಕೊಂಡು ಹೋಗಲ್ಲ, ನನ್ನವ್ವಾ. ಅಜ್ಜಯ್ಯನಾಣೆ."

ಅತ್ತಿಗೆ ಕಣ್ಣು ಬಿಟ್ಟು ನೀರು ಕೇಳಿದಳು. ಏನು ಹೇಳಿದೆ ನೆನಪಿದೆಯಾ ಎಂದರೆ ಇಲ್ಲವೆಂದು ತಲೆಯಾಡಿಸಿದಳು. ಪ್ರಸಾದದ ಅನ್ನ ಬಡಿಸಿದಾಗ ಮಾತ್ರ ಎರಡು ಸಲ ಹಾಕಿಸಿಕೊಂಡು ಉಂಡಳು. ಅವಳು ನಟಿಸಿದಳೋ, ನಿಜಕ್ಕೂ ಮೈಮೇಲೆ ಬಂತೋ, ನಾನು ಇವತ್ತಿಗೂ ಕೇಳಿಲ್ಲ.

ವಾಪಸು ಬರುವಾಗ ಅವಳು ಕಿಟಕಿಗೆ ಒರಗಿ ನಿದ್ದೆ ಹೋದಳು. ಅವ್ವನ ಪಕ್ಕ ಕೂತ ನಾನು ಕುದಿಯುತ್ತಿದ್ದೆ. ಹರಿಹರ ಬರುವವರೆಗೂ ತಡೆದುಕೊಳ್ಳಲಾಗಲಿಲ್ಲ. "ಹೆಂಗೆ ಮನಸ್ಸು ಬಂತವ್ವಾ? ನಾನೂ ಹೆಣ್ಣಲ್ಲೇನು? ನನ್ನನ್ಯಾಕ ಉಳಿಸ್ಕೊಂಡಿ?"

ನೀನು ನನ್ನ ಮುದ್ದಿನ ಮಗಳಲ್ಲವೇನೇ ಎನ್ನುತ್ತಾಳೆಂದು ಕಾದೆ. ಆ ಮಾತು ನನಗೆ ಬೇಕೇಬೇಕಿತ್ತು.

ಅವ್ವ ಸುಟ್ಟ ಅಂಗೈ ನೋಡಿಕೊಳ್ಳುತ್ತಿದ್ದಳು. ಸುಳ್ಳು ಹೇಳುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

"ನಿನ್ ಟೈಮಿನಾಗ ಆ ಮಿಷಿನ್ ಬಂದಿರ್ಲಿಲ್ಲ," ಎಂದಳು.