ಕೊನೆಯ ಸಾಲಿನ ನಗು

ಜನ ಅವಳನ್ನು ಗಡಿಬಿಡಿ ಅತ್ತೆ ಎಂದೇ ಕರೆಯುತ್ತಿದ್ದರು. ನಾಟಕ ಕಂಪನಿಯಲ್ಲಿ ಹಾಸ್ಯಪಾತ್ರ ಮಾಡಿ ಮಾಡಿ ಹಣ್ಣಾದವಳಿಗೆ ಟೀವಿ ಧಾರಾವಾಹಿ ಕೊಟ್ಟ ಹೆಸರು ಅದು. ನಾಟಕದ ದಿನಗಳಲ್ಲಿ ಅವಳ ಗಂಡ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ. ಅವಳು ಬಾಯಿ ತೆರೆದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುವನು. ಕೊನೆಗೆ ಕೆಮ್ಮು ಹತ್ತಿ ಕಣ್ಣೊರೆಸಿಕೊಳ್ಳುವನು. ಆ ನಗುವಿಗೆ ಇಡೀ ಸಭೆಯೇ ನಗುತ್ತಿತ್ತು. ಟೀವಿಯಲ್ಲಿ ಸಭೆಯೆಲ್ಲಿ? ಸೌಂಡಿನವನು ಅವನನ್ನು ಒಮ್ಮೆ ಮೈಕಿನ ಮುಂದೆ ಕೂರಿಸಿ ಆ ನಗುವನ್ನು ಹಿಡಿದಿಟ್ಟುಕೊಂಡ. ಪ್ರತಿ ಕಂತಿಗೂ ಅದೇ ನಗು.

ಗಂಡ ತೀರಿಕೊಂಡು ತಿಂಗಳು ತುಂಬುವ ಮೊದಲೇ ಡಬ್ಬಿಂಗ್‌ಗೆ ಕರೆ ಬಂತು. ದೇವರಿಗೆ ಕೈಮುಗಿದು ಹೋದಳು. ಪರದೆಯ ಮೇಲೆ ಹಿಂದೆಯೇ ಚಿತ್ರೀಕರಿಸಿದ್ದ ದೃಶ್ಯ: ಅತ್ತೆಯ ಗಂಡ ಸತ್ತು ಮಲಗಿದ್ದಾನೆ, ಅವನನ್ನು ಎಬ್ಬಿಸಹೋದ ಅತ್ತೆ ಕಾಲು ಜಾರಿ ಹೆಣದ ಮೇಲೆಯೇ ದೊಪ್ಪನೆ ಬೀಳುತ್ತಾಳೆ. ಆಗ ಕೇಳಿತು ಆ ನಗು. ಬೆನ್ನಿಗೇ ಆ ಕೆಮ್ಮು.

ಅವಳು ಹೆಡ್‌ಫೋನನ್ನು ಕಿವಿಯಿಂದ ಸರಿಸಿ ಗಾಜಿನಾಚೆ ಕುಳಿತವರತ್ತ ತಿರುಗಿದಳು.

"ಆ ನಗು ತೆಗೀರಪ್ಪ."

"ಯಾಕಮ್ಮಾ? ಯಜಮಾನ್ರು ಇನ್ನೂ ನಮ್ಮ ಜೊತೆಗೇ ನಗ್ತಿದಾರೆ ಅಂದ್ಕೊಳ್ಳಿ," ಎಂದ ನಿರ್ದೇಶಕ, ಬಿಸ್ಕತ್ತು ಅಗಿಯುತ್ತ.

"ಹೆಣ ನೋಡಿ ಸತ್ತೋರೇ ನಗ್ಬೇಕಾ? ತೆಗೆದ್ರೆ ಮಾತು ಹೇಳ್ತೀನಿ, ಇಲ್ಲಾಂದ್ರೆ ಇಲ್ಲ."

"ಆಯ್ತು ತಾಯಿ, ತೆಗೀತೀವಿ. ಮೊದಲು ಹೇಳಿ."

ಅವಳು ಮೈಕಿನ ಮುಂದೆ ನಿಂತಳು. ಹೇಳಬೇಕಿದ್ದ ಮಾತು ಒಂದೇ: "ಏಳ್ರೀ, ಕಾಫಿ ಆರ್ತಾ ಇದೆ." ಕಿರುಚಿ ಹೇಳಬೇಕಿತ್ತು. ಗಂಡ ತೀರಿಕೊಂಡ ಬೆಳಗ್ಗೆ ಮನೆಯಲ್ಲಿ, ಅವನ ತಣ್ಣಗಾಗಿದ್ದ ಭುಜ ಹಿಡಿದು ಅವಳು ಹೇಳಿದ್ದೂ ಇದನ್ನೇ. ಕಿರುಚಲು ಬಾಯಿ ಬರಲಿಲ್ಲ, ಮೆಲ್ಲಗೆ ಹೇಳಿದಳು.

ಗಾಜಿನಾಚೆ ನಿರ್ದೇಶಕ ಚಪ್ಪಾಳೆ ತಟ್ಟಿದ. "ಅಬ್ಬಾ, ಏನ್ ಟೈಮಿಂಗು! ಇದ್ರ ಮೇಲೆ ಆ ನಗು ಬಿದ್ರೆ ಜನ ಉರುಳಾಡಿಬಿಡ್ತಾರೆ. ಹಾಕಯ್ಯ!"

ಸೌಂಡಿನವನು ತಲೆ ತಗ್ಗಿಸಿಕೊಂಡೇ ಗುಂಡಿ ಒತ್ತಿದ. ಗಂಡ ನಕ್ಕ. ಕೆಮ್ಮಿದ.

ಅವಳು ಹೆಡ್‌ಫೋನ್ ಕಳಚಿಟ್ಟು, ಮೂಲೆಯ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಉಗುಳಿದಳು. ಸಾಲದೆಂದು ಮತ್ತೆ ಮುಕ್ಕಳಿಸಿದಳು. ಬೆಳಗ್ಗೆ ದೇವರ ಹೆಸರು ಹೇಳಿದ್ದ ಬಾಯಿ ಇದು. ಗಂಡನನ್ನು ಎಬ್ಬಿಸಲು ಆಡಿದ ಮಾತನ್ನೂ ಇವರಿಗೆ ಕೊಟ್ಟುಬಿಟ್ಟಿತಲ್ಲ!

"ಮುಂದಿನ ವಾರ ಬೇಗ ಬನ್ನಿ ಅಮ್ಮಾ," ಎಂದ ನಿರ್ದೇಶಕ.

"ನಾನ್ಯಾಕಪ್ಪ? ಸತ್ತೋರ ಕೈಲಿ ದುಡಿಸೋದು ಕಲ್ತಿದೀರಲ್ಲ, ನಾನೂ ಸತ್ತೆ ಅಂದ್ಕೊಳ್ಳಿ."

ಬಾಗಿಲು ಮುಚ್ಚುವಾಗ ಒಳಗೆ ಮತ್ತೆ ಆ ನಗು ಕೇಳಿತು. ಈ ಸಲ ಕೆಮ್ಮನ್ನು ಕತ್ತರಿಸಿ ತೆಗೆದಿದ್ದರು.